ಪುಸ್ತಕ ಮುಚ್ಚಿ ಒಂದು ಲೆಕ್ಕ ಬಿಡಿಸು ನೋಡೋಣ

ನಾನು ಮೂಡಲಗಿ ಕಡೆಯ ಹಳ್ಳಿಯವ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಆಮೇಲೆ ದಿನಾ ಬಸ್ಸಿಗೆ ಗೋಕಾಕಕ್ಕೆ ಹೋಗಿ ಬಿಎಸ್ಸಿ ಓದಿದೆ. ಮೊದಲ ಸೆಮಿಸ್ಟರಿನಲ್ಲೇ ಕ್ಯಾಲ್ಕುಲಸ್ ಪೇಪರ್ ಫೇಲಾಯ್ತು.

ಓದಿರಲಿಲ್ಲ ಅಂತಲ್ಲ. ರಾತ್ರಿ ಹನ್ನೆರಡರ ತನಕ ಕೂತು ನೋಟ್ಸ್ ಮೂರು ಸಲ ಓದಿದ್ದೆ. ಅಪ್ಪ ಬೈಯಲಿಲ್ಲ. "ತಿಳೀಲಿಲ್ಲಂದ್ರ ಬಿಡು, ಹೊಲಾ ಐತಿ" ಅಂದ. ಬೈದಿದ್ರೆ ಚಲೋ ಇತ್ತು.

ಹುಕ್ಕೇರಿಯ ಗೆಳೆಯನೊಬ್ಬ ನನ್ನ ನೋಟ್ಸ್ ಕಸಿದುಕೊಂಡು, "ಓದ್ತಿ ಖರೆ. ಈಗ ನೋಡದ ಒಂದ್ ಲೆಕ್ಕ ಬಿಡಿಸು" ಅಂದ. ಮೂರನೇ ಸಾಲಿಗೇ ನಿಂತೆ. ನನಗೆ ಆಗ ಗೊತ್ತಾಯ್ತು: ಓದುವಾಗ ಎಲ್ಲಾ ಪರಿಚಿತ ಅನಿಸ್ತಿತ್ತು, ಬರ್ತಿರಲಿಲ್ಲ.

ಅಂದಿನಿಂದ ಮೂರು ರೂಢಿ ಮಾಡಿಕೊಂಡೆ.

ಒಂದು, ಓದಿದ ಮೇಲೆ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯೋದು. ಎಲ್ಲಿ ನಿಲ್ತೀವೋ ಅಲ್ಲಷ್ಟೇ ಮತ್ತೆ ಓದೋದು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ನೋಡದೆ ನೆನಪಿನಿಂದ ಬರೆದವರು ಮುಂದಿದ್ದರು. ನಮ್ಮ ಪರೀಕ್ಷೆ ಐದು ನಿಮಿಷಕ್ಕೆ ಬರೋದಿಲ್ಲಲ್ರಿ!

ಎರಡು, ಅದೇ ಲೆಕ್ಕವನ್ನು ಅಂದು ಒಮ್ಮೆ, ಮೂರನೇ ದಿನ ಒಮ್ಮೆ, ವಾರಕ್ಕೆ ಒಮ್ಮೆ ಬಿಡಿಸೋದು. ವಾಪಸ್ ಬರುವ ಬಸ್ಸಿನಲ್ಲಿ ಅವತ್ತಿನ ಪಾಠ ನೆನಪು ಮಾಡಿಕೊಳ್ತಿದ್ದೆ.

ಮೂರು, ಇಂಗ್ಲಿಷ್ ವ್ಯಾಖ್ಯೆಯನ್ನು ನಮ್ಮೂರ ಮಾತಿಗೆ ತರೋದು. ಮಳೆಗಾಲದಲ್ಲಿ ಹಿಡಕಲ್ ಜಲಾಶಯದ ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ ಅಂತ ಪೇಪರಿನಲ್ಲಿ ಬರ್ತೈತಿ. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ನೀರು ಹೊರಗೆ ಬಿಡದೆ, 11,574 ಕ್ಯೂಸೆಕ್ ಒಂದಿಡೀ ದಿನ ಒಳಗೆ ಬಂದರೆ ಸುಮಾರು ಒಂದು ಟಿಎಂಸಿ ಕೂಡ್ತೈತಿ. ನೀರು ಕೂಡುವ ವೇಗ ಡಿರೈವೇಟಿವ್, ಕೂಡಿದ ಒಟ್ಟು ಇಂಟಿಗ್ರಲ್. ಇದು ಹೊಳೆದ ದಿನ ಕ್ಯಾಲ್ಕುಲಸ್ ಭಯ ಅರ್ಧ ಇಳೀತು.

ಮುಂದಿನ ಸಲ ಪಾಸಾದೆ. ರ‍್ಯಾಂಕ್ ಏನೂ ಬರಲಿಲ್ಲ, ಆದರೆ ಓದು ಬಿಡಲಿಲ್ಲ. ಈಗ ಹುಕ್ಕೇರಿಯಲ್ಲಿ ಗಣಿತ ಕಲಿಸ್ತೀನಿ. "ಸರ್, ಎಷ್ಟು ಓದಿದ್ರೂ ತಲ್ಯಾಗ ನಿಲ್ಲವಲ್ದು" ಅಂತ ಹುಡುಗರು ಬಂದರೆ, ಬೈಯೋದೂ ಇಲ್ಲ, ಬಿಡು ಅನ್ನೋದೂ ಇಲ್ಲ. ಒಂದು ಖಾಲಿ ಹಾಳೆ ಕೊಡ್ತೀನಿ. ನೀವೂ ಇವತ್ತು ರಾತ್ರಿ ಒಂದು ಹಾಳೆ ತಗೋರಿ. ಒಂದೇ ಲೆಕ್ಕ ಸಾಕು. ಬರ್ತೀನ್ರಿ.