ದಿರಿಯಾ: ಒಂದು ಬೇಸಾಯದ ಊರಿನ ಕಥೆ



ಒಲಾಯಾದ ಗಾಜಿನ ಗೋಪುರಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ನಾಡು ತೈಲದಿಂದಲೇ ಹುಟ್ಟಿತೆಂಬ ಭಾವನೆ ಬರುವುದು ಸಹಜ. ಇಲ್ಲಿಂದ ವಾಯವ್ಯಕ್ಕೆ ಅರ್ಧ ಗಂಟೆ ಕಾರಿನಲ್ಲಿ ಸಾಗಿದರೆ ಸಿಗುವ ದಿರಿಯಾ ಆ ಭಾವನೆಯನ್ನು ತಿದ್ದುತ್ತದೆ. ಸೌದಿ ಮನೆತನದ ಮೊದಲ ರಾಜಧಾನಿಯಾದ ಅದು ಮೂಲತಃ ಒಂದು ಬೇಸಾಯದ ಊರು.

1446ರಲ್ಲಿ ಮಾನಿ ಅಲ್ ಮುರೈದಿ ಎಂಬ ಮುಖಂಡನು ಪೂರ್ವದ ಕತೀಫ್ ಸೀಮೆಯಿಂದ ತನ್ನವರೊಡನೆ ಬಂದು ವಾದಿ ಹನೀಫಾ ಕಣಿವೆಯಲ್ಲಿ ನೆಲೆಸಿದನು. ಸುಮಾರು 120 ಕಿ.ಮೀ. ಉದ್ದದ ಈ ಕಣಿವೆಯಲ್ಲಿ ಅಂದು ಮಳೆ ಬಂದಾಗ ಮಾತ್ರ ಹೊಳೆ. ಉಳಿದ ದಿನಗಳಲ್ಲಿ ನೀರು ನೆಲದಡಿಯಲ್ಲಿ. ಬಾವಿ ತೋಡಿ, ಒಂಟೆ ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ, ತೊಗಲಿನ ಚೀಲದಿಂದ ನೀರೆತ್ತುತ್ತಿದ್ದರು. ಇಲ್ಲಿಯವರು ಸವಾನಿ ಎನ್ನುವ ಈ ಏರ್ಪಾಡನ್ನು ನಮ್ಮ ಬಯಲುಸೀಮೆಯ ಹಿರಿಯರು ಕಂಡಿದ್ದರೆ ‘ಇದು ನಮ್ಮ ಕಪಿಲೆಯೇ’ ಎನ್ನುತ್ತಿದ್ದರು. ಆ ನೀರಿನಿಂದ ಖರ್ಜೂರ ಬೆಳೆಯಿತು. ಖರ್ಜೂರದಿಂದ ಊರು ಬೆಳೆಯಿತು.

1727ರಲ್ಲಿ ಮುಹಮ್ಮದ್ ಬಿನ್ ಸೌದ್ ಇಲ್ಲಿ ಅಧಿಕಾರಕ್ಕೆ ಬಂದನು. ಕಣಿವೆಯ ಒಂದು ದಂಡೆಯ ದಿಬ್ಬದ ಮೇಲೆ ಅತ್ ತುರೈಫ್ ಇದೆ. ಎದುರು ದಂಡೆಯಲ್ಲಿ ಬುಜೈರಿ. ತುರೈಫಿನಲ್ಲಿ ಸಲ್ವಾ ಅರಮನೆ, ಮಸೀದಿ, ಅತಿಥಿಗೃಹ, ಸ್ನಾನಗೃಹಗಳಿವೆ. ಕಲ್ಲಿನ ತಳಪಾಯದ ಮೇಲೆ ಹುಲ್ಲು ಬೆರೆಸಿದ ಮಣ್ಣಿನ ಇಟ್ಟಿಗೆ, ಮೇಲೆ ಮರದ ತೊಲೆ, ಅದರ ಮೇಲೆ ಖರ್ಜೂರದ ಗರಿ ಮತ್ತು ಮಣ್ಣು. ಬಳ್ಳಾರಿ ರಾಯಚೂರುಗಳ ಮಾಳಿಗೆ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋಡೆಯ ಮೇಲ್ಭಾಗದ ತ್ರಿಕೋನ ಕಿಂಡಿಗಳಿಂದ ಗಾಳಿ ಬೆಳಕು ಒಳಬರುತ್ತವೆ.

1818ರಲ್ಲಿ ಇಬ್ರಾಹಿಂ ಪಾಷಾನ ಸೈನ್ಯವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಊರನ್ನು ಗೆದ್ದಿತು. ಮನೆಗಳನ್ನು ಕೆಡವಿ, ಖರ್ಜೂರದ ಮರಗಳನ್ನೂ ಕಡಿಯಿತು. ಭಾರತದ ಬ್ರಿಟಿಷ್ ಆಡಳಿತವು ಕಳುಹಿಸಿದ್ದ ಕ್ಯಾಪ್ಟನ್ ಸ್ಯಾಡ್ಲಿಯರ್ 1819ರಲ್ಲಿ ಕಂಡದ್ದು ಹಾಳೂರನ್ನು. 1824ರಲ್ಲಿ ತುರ್ಕಿ ಬಿನ್ ಅಬ್ದುಲ್ಲಾ ರಿಯಾದನ್ನು ರಾಜಧಾನಿಯಾಗಿಸಿದನು.

ಇದನ್ನು ಕೇಳಿದಾಗ ನಮಗೆ ಶ್ರೀರಂಗಪಟ್ಟಣ ನೆನಪಾಗದಿರದು. ಅಲ್ಲಿಯೂ ಮುತ್ತಿಗೆ, 1799ರ ಮೇ 4ರಂದು ಪತನ, ಬಳಿಕ ರಾಜಧಾನಿ ಮೈಸೂರಿಗೆ ಹೋಯಿತು. ಟಿಪ್ಪುವಿನ ಲಾಲ್ ಮಹಲ್ ಉಳಿಯಲಿಲ್ಲ. ಆದರೆ 17ನೆಯ ಶತಮಾನದ ಬಂಗಾರದೊಡ್ಡಿ ನಾಲೆ ಉಳಿಯಿತು, ಗದ್ದೆ ಉಳಿಯಿತು, ಊರು ಉಳಿಯಿತು. ದಿರಿಯಾದಲ್ಲಿಯೂ ಕಾಲಕ್ರಮದಲ್ಲಿ ಮರಳಿ ತೋಟಗಳು ಎದ್ದವು. ಅರಮನೆ ಹೋದರೂ ಊರು ಬದುಕೀತು. ನೀರು ಹೋದರೆ ಬದುಕದು.

ಆ ನೀರಿಗೇ ಕುತ್ತು ಬಂದಿತ್ತು. ರಿಯಾದ್ ಬೆಳೆದಂತೆ ವಾದಿ ಹನೀಫಾ ಕಸದ ಗುಂಡಿಯಾಯಿತು, ಕೊಳಚೆಯ ಹಾದಿಯಾಯಿತು. 2001ರ ಬಳಿಕ ಅದನ್ನು ಶುಚಿಗೊಳಿಸುವ ಕೆಲಸ ನಡೆಯಿತು. ಕಲ್ಲು, ಪಾಚಿ, ಮೀನು ಮತ್ತು ಸೂಕ್ಷ್ಮಜೀವಿಗಳಿಂದಲೇ ನೀರು ಶುದ್ಧವಾಗುವ ಏರ್ಪಾಡು ಅದು. ಮದ್ದು ಕಡಿಮೆ, ದೇಹದ ಸ್ವಂತ ಶಕ್ತಿಯೇ ಹೆಚ್ಚು ಎಂಬ ಚಿಕಿತ್ಸೆಯಂತೆ ವೈದ್ಯರಾದ ನಮಗೆ ತೋರುತ್ತದೆ. 2010ರಲ್ಲಿ ಈ ಕಾರ್ಯಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. ಅದೇ ವರ್ಷ ತುರೈಫ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋಡೆಗೂ ಕಣಿವೆಗೂ ಒಂದೇ ವರ್ಷ ಮನ್ನಣೆ ಬಂದುದು ಉಚಿತವೇ ಆಯಿತು.

ನಮ್ಮಲ್ಲಿ ಅನೇಕರು ರೈತರ ಮಕ್ಕಳು. ಇಲ್ಲಿಯ ಗಳಿಕೆಯಿಂದ ಊರಿನಲ್ಲಿ ದೊಡ್ಡ ಮನೆ ಕಟ್ಟಿಸಿದ್ದೇವೆ. ತಂದೆಯ ಹೊಲವನ್ನು ನಿವೇಶನಗಳಾಗಿ ಮಾರುವ ಮಾತೂ ನಮ್ಮ ಮನೆಗಳಲ್ಲಿ ನಡೆದಿದೆ. ಮಾರುವುದು ಬಿಡುವುದು ಅವರವರ ಅನುಕೂಲ. ಆದರೆ ತೀರ್ಮಾನಿಸುವ ಮೊದಲು, ರಜೆಯಲ್ಲಿ ಹೋದಾಗ ಮಕ್ಕಳನ್ನು ಕೆರೆಯ ಏರಿಯ ಮೇಲೆ ಒಮ್ಮೆ ನಡೆಸೋಣ. ತೂಬು ಯಾವುದು, ನೀರು ಯಾರ ಗದ್ದೆಗೆ ಹರಿಯುತ್ತದೆ, ಬಾವಿ ತೋಡಿಸಿದವರು ಯಾರು ಎಂಬುದನ್ನು ಬಲ್ಲವರಿಂದ ಕೇಳಿಸೋಣ. ಅದಕ್ಕೆ ಮುನ್ನ ಈ ಚಳಿಗಾಲದಲ್ಲಿ ಎಲ್ಲರೂ ದಿರಿಯಾಕ್ಕೆ ಹೋಗೋಣ. ಅರಮನೆಯನ್ನು ನೋಡಿದ ಮೇಲೆ ದಿಬ್ಬದಿಂದ ಕೆಳಗಿನ ತೋಟಗಳನ್ನೂ ಮಕ್ಕಳಿಗೆ ತೋರಿಸೋಣ.