ಹುಣಸೂರಿನ ಅಮೃತಮಹಲೂ ನಮ್ಮ ಸಂಘದ ಕೊಟ್ಟಿಗೆಯೂ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



 ನಾವು ಭಾಷಣಕಾರರಲ್ಲ. ಬೆಳಿಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕುವವರು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಸಂಘದ ಹಿಂದಿರುವ ಹಳೇ ಹಿಂಡಿ ಗೋಡೌನ್ ಖಾಲಿ ಬಿದ್ದಿದೆ. ಅದರಲ್ಲಿ ಊರಿನ ನೊಗ, ನೇಗಿಲು, ಗಾಡಿಗಾಲಿ, ಕೊರಳಗಂಟೆ ಎಲ್ಲಾ ಇಟ್ಟು, ಮಕ್ಕಳು ನೋಡಲಿ ಅಂತ ಒಂದು ಚಿಕ್ಕ ವಸ್ತುಸಂಗ್ರಹಾಲಯ ಮಾಡೋಣ ಎಂಬ ಮಾತು ಮಂಡಳಿಯಲ್ಲಿ ಬಂದಿದೆ. ನಮ್ಮ ಒಪ್ಪಿಗೆ ಇದೆ. ಆದರೆ ಒಂದು ಕೋರಿಕೆಯೂ ಇದೆ. ಅದನ್ನು ಹೇಳುವುದಕ್ಕೆ ಮುಂಚೆ ನಮ್ಮ ಪಕ್ಕದ ಹುಣಸೂರಿನ ಒಂದು ಹಳೇ ಕಥೆ ಹೇಳಬೇಕು.

ಇವತ್ತು ಹುಣಸೂರು ಅಂದರೆ ಹೊಗೆಸೊಪ್ಪು, ಮರದ ವ್ಯಾಪಾರ ಅಂತ ನೆನೆಯುತ್ತೇವೆ. ಒಂದು ಕಾಲಕ್ಕೆ ಅದು ಅಮೃತಮಹಲ್ ದನಗಳ ಇಲಾಖೆಯ ಮುಖ್ಯ ಠಾಣೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (1672-1704) ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ, ನಾಡಿನ ಬೇರೆ ಬೇರೆ ಕಡೆ ಮೇವಿನ ಕಾವಲುಗಳನ್ನು ಬಿಟ್ಟುಕೊಟ್ಟಿದ್ದರು. ಟಿಪ್ಪು ಸುಲ್ತಾನರ ಕಾಲದಲ್ಲಿ ಅದಕ್ಕೆ ‘ಅಮೃತಮಹಲ್’ ಅಂತ ಹೆಸರಾಯಿತು. ಹೆಸರಿನಲ್ಲಿ ಅಮೃತ ಇದ್ದರೂ ಈ ಹಸುಗಳು ಹಾಲಿಗೆ ಹೆಸರಾದವಲ್ಲ, ಕರುವಿಗಾಗಿ ಮಿಕ್ಕಿದ್ದು ಅಲ್ಪಸ್ವಲ್ಪ. ಇವುಗಳ ಹಿರಿಮೆ ಎತ್ತುಗಳಲ್ಲಿ. ಹೈದರಾಲಿ ಸೈನ್ಯ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಅಂತ ಚರಿತ್ರೆ ಬರೆದವರು ಹೇಳುತ್ತಾರೆ. ಮೂಲದಲ್ಲಿ ಇವು ನಮ್ಮ ಹಳ್ಳಿಕಾರ್ ದನದ ಬಂಧುಗಳೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡು ಇಂಗ್ಲಿಷರ ಕೈಗೆ ಬಂತು. ನಡುವೆ ನೋಡಿಕೊಳ್ಳುವವರಿಲ್ಲದೆ ಕೆಟ್ಟಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿ ವಹಿಸಿಕೊಂಡು ಮತ್ತೆ ದಾರಿಗೆ ತಂದರು. ಹುಣಸೂರಿನಲ್ಲಿ ಸೈನ್ಯಕ್ಕೆ ಬೇಕಾದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಯಾರ್ಡು ಎಲ್ಲಾ ಇದ್ದವು. ಅವು 1864ರಲ್ಲಿ ಮುಚ್ಚಿದವು. ಆದರೂ ಹುಣಸೂರಿನ ಗಾಡಿ, ಬೂಟು, ಕಂಬಳಿ ಅಂದರೆ ಬಹಳ ಕಾಲ ಹೆಸರಿತ್ತು.

ಈಗ ಸದಸ್ಯರು ಸ್ವಲ್ಪ ಗಮನವಿಟ್ಟು ಕೇಳಬೇಕು. 1860ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯಾನ್ ಅವರ ಕಾಲದಲ್ಲಿ ‘ಖರ್ಚು ಜಾಸ್ತಿ’ ಅಂತ ಹೇಳಿ ಅಮೃತಮಹಲನ್ನೇ ಎತ್ತಿಬಿಟ್ಟರು. ಹಿಂಡುಗಳನ್ನು ಮಾರಿದರು. ಈಜಿಪ್ಟಿನ ಪಾಷಾ ಕೂಡ ಕೆಲವನ್ನು ಕೊಂಡರಂತೆ. ಸ್ವಲ್ಪ ದಿನದಲ್ಲೇ ಒಳ್ಳೇ ಎತ್ತು ಸಿಗದೆ ಪರದಾಟ ಶುರುವಾಯಿತು. 1866ರಲ್ಲಿ ಮತ್ತೆ ಇಲಾಖೆ ತೆರೆದು, ಚದುರಿಹೋಗಿದ್ದ ದನಗಳನ್ನು ಹುಡುಕಿ ಹುಡುಕಿ ಸೇರಿಸಬೇಕಾಯಿತು. ಮಾರುವುದಕ್ಕೆ ಒಂದು ಹುಕುಂ ಸಾಕಾಯಿತು, ಕೂಡಿಸುವುದಕ್ಕೆ ವರ್ಷಗಳೇ ಬೇಕಾದವು.

ಆಮೇಲೆ 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. 1923ರಲ್ಲಿ ಸೈನ್ಯದ ಇಲಾಖೆಯಿಂದ ಕೃಷಿ ಇಲಾಖೆಗೆ ಹೋಯಿತು. 1929ರಲ್ಲಿ ಚಿಕ್ಕಮಗಳೂರು ಸೀಮೆಯ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಆಯಿತು. ಅದು ಈಗಲೂ ಇದೆ. ಅಲ್ಲಿಯ ಹೋರಿಗರು ಹರಾಜಿಗೆ ಬಂದರೆ ದೂರದೂರದ ರೈತರು ಹೋಗಿ ಕೂಗುತ್ತಾರೆ. ಆದರೆ ನಾಲ್ಕು ಲಕ್ಷ ಎಕರೆಗೂ ಮೀರಿ ಇದ್ದ ಕಾವಲುಗಳಲ್ಲಿ ಉಳಿದಿರುವುದು ಸಣ್ಣ ಪಾಲು. ಸಾಗುವಳಿಗೆ ಹೋಯಿತು, ನೆಡುತೋಪಿಗೆ ಹೋಯಿತು. ಚಳ್ಳಕೆರೆ ಕಡೆ ವಿಜ್ಞಾನ ಸಂಸ್ಥೆಗಳಿಗೆ 8 ಸಾವಿರ ಎಕರೆಗೂ ಮಿಕ್ಕಿ ಕೊಟ್ಟಿದ್ದಾರೆ.

ಪರರ ಮಾತು ಯಾಕೆ, ನಮ್ಮದನ್ನೇ ನೋಡೋಣ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು, ಹಿನ್ನೀರಿನಲ್ಲಿ ಊರುಗಳ ಜೊತೆಗೆ ದನ ಮೇಯುವ ಬಯಲೂ ಮುಳುಗಿತು. ಕಾಡಿಗೆ ದನ ಹೊಡೆಯುವ ಹಾಗಿಲ್ಲ. ಗೋಮಾಳ ನಿವೇಶನವಾಯಿತು, ಹೊಲವಾಯಿತು. ಅದರಲ್ಲಿ ಉಂಡವರು ನಾವೇ. ಉಳುಮೆಗೆ ಟ್ರ್ಯಾಕ್ಟರ್ ಬಂತು, ಹಾಲಿಗೆ ಮಿಶ್ರತಳಿ ಹಸು ಬಂತು.

ಮಿಶ್ರತಳಿಯನ್ನು ನಾವು ಹಳಿಯುವುದಿಲ್ಲ. ಅದರ ಹಾಲಿನ ಬಟವಾಡೆಯಲ್ಲೇ ನಮ್ಮ ಮಕ್ಕಳು ಕಾಲೇಜು ಕಂಡಿದ್ದಾರೆ, ಎಷ್ಟೋ ತಾಯಂದಿರ ಕೈಯಲ್ಲಿ ನಾಲ್ಕು ಕಾಸು ಓಡಾಡಿದೆ. ಆದರೆ ಈ ಸಂಘದಲ್ಲಿ ಮಿಶ್ರತಳಿ ಹಸುವಿಗೆ ಸಾಲ, ವಿಮೆ, ಬಹುಮಾನ ಎಲ್ಲಕ್ಕೂ ಠರಾವು ಮಾಡಿದೆವು. ನಾಟಿ ಹಸು ಕಟ್ಟಿದವನಿಗೆ ಒಂದೇ ಒಂದು ಠರಾವು ಮಾಡಲಿಲ್ಲ. ಕೈ ಎತ್ತಿದವರಲ್ಲಿ ನಾವೂ ಒಬ್ಬರು.

ನಮ್ಮ ಮನೆಯ ಕೊನೇ ಜೋಡಿ ಹಳ್ಳಿಕಾರ್ ಎತ್ತುಗಳನ್ನು ಚುಂಚನಕಟ್ಟೆ ಜಾತ್ರೆಯಲ್ಲಿ ನಾವೇ ನಿಂತು ಮಾರಿದೆವು. ಹಗ್ಗ ಕೈ ಬದಲಾಯಿಸುವಾಗ ನಮ್ಮಪ್ಪ ಏನೂ ಮಾತಾಡಲಿಲ್ಲ. ಗಂಟೆ ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡರು. ಆ ಗಂಟೆ ಇಪ್ಪತ್ತು ವರ್ಷದಿಂದ ಅಟ್ಟದ ಮೇಲಿತ್ತು. ಮೊನ್ನೆ ವಸ್ತುಸಂಗ್ರಹಾಲಯಕ್ಕೆ ಕೊಡೋಣ ಅಂತ ಇಳಿಸಿದೆವು. ಮೊಮ್ಮಗನ ವಯಸ್ಸಿನ ನಮ್ಮ ಚಿಕ್ಕ ಹುಡುಗ ಅಲ್ಲಾಡಿಸಿ, ‘ಇದು ಯಾವ ದೇವರ ಗಂಟೆ?’ ಅಂತ ಕೇಳಿದ. ಅಪ್ಪ ಒಳಕ್ಕೆ ಎದ್ದುಹೋದರು.

2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ದನದ ಅಂಚೆಚೀಟಿ ತಂದಿತ್ತು. ಚೀಟಿಗೆ ಬಂತು, ಕೊಟ್ಟಿಗೆಯಿಂದ ಹೋಯ್ತು. ನಮ್ಮ ಗೋಡೌನ್ ಕೂಡ ಹಾಗಾಗಬಾರದು.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಗ್ರಾಂಟ್-ಕೋರ್ಸ್ ಎಂಬ ಹಳೇ ದನದ ರಾಂಚು ಇದೆ. 1972ರಲ್ಲಿ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳ ಅಂತ ಮಾಡಿದರು. ಮನೆ, ಕೊಟ್ಟಿಗೆ, ಗಾಡಿ ಎಲ್ಲಾ ಜೋಪಾನ ಮಾಡಿದ್ದಾರೆ. ಜೊತೆಗೆ ಇವತ್ತಿಗೂ ಅಲ್ಲಿ ದನ ಸಾಕುತ್ತಾರೆ, ಹುಲ್ಲು ಕೊಯ್ಯುತ್ತಾರೆ. ನೋಡಲು ಬಂದವರಿಗೆ ಗಂಟೆಯೂ ಸಿಗುತ್ತೆ, ಗಂಟೆ ಕಟ್ಟಿದ ಕೊರಳೂ ಸಿಗುತ್ತೆ.

ನಮ್ಮ ಕೋರಿಕೆ ಇಷ್ಟೇ. ಗೋಡೌನಿಗೆ ಬಣ್ಣ ಹೊಡೆಸುವ ದಿನವೇ ಮೂರು ಠರಾವು ಆಗಲಿ. ಒಂದು, ಹಳ್ಳಿಕಾರ್ ಹಸು ಇಟ್ಟ ಸದಸ್ಯರಿಗೂ ಮಿಶ್ರತಳಿಯವರಷ್ಟೇ ವಿಮೆ, ಸಾಲದ ಸವಲತ್ತು ಸಿಗಲಿ. ಎರಡು, ಕೃತಕ ಗರ್ಭಧಾರಣೆಗೆ ಹಳ್ಳಿಕಾರ್ ವೀರ್ಯದ ಕಡ್ಡಿಗಳನ್ನು ತರಿಸಿ ಇಡಲಿ. ತುಮಕೂರು ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ಸರ್ಕಾರದ ಹಳ್ಳಿಕಾರ್ ಕ್ಷೇತ್ರವಿದೆ, ಒಂದು ಸಲ ಹೋಗಿ ನೋಡಿ ಬರೋಣ. ಮೂರು, ಉಳಿದಿರುವ ತುಂಡು ಗೋಮಾಳವನ್ನು ಅಳತೆ ಮಾಡಿಸಿ ಬೇಲಿ ಹಾಕಿಸಲು ಸಂಘವೇ ಅರ್ಜಿ ಕೊಡಲಿ. ಒತ್ತುವರಿ ಬಿಡಬೇಕಾದರೆ ಮೊದಲು ನಮ್ಮ ಹೊಲದ ಬದುವಿನಿಂದಲೇ ಅಳತೆ ಶುರುವಾಗಲಿ. ಅಲ್ಲಿ ಎರಡು ಸಾಲು ನಮ್ಮದಲ್ಲ ಎಂಬುದು ನಮಗೆ ಗೊತ್ತು.

ಹೀಗಾದರೆ ಆ ಗಂಟೆಯನ್ನು ಇವತ್ತೇ ತಂದು ಕೊಡುತ್ತೇವೆ. ಆದರೆ ನಮ್ಮಪ್ಪ ಹೇಳಿ ಕಳಿಸಿದ್ದಾರೆ: ಮೊಳೆಗೆ ಗಟ್ಟಿಯಾಗಿ ಬಿಗಿಯಬೇಡಿ, ಬೇಕಾದಾಗ ಬಿಚ್ಚಿಕೊಳ್ಳುವ ಹಾಗೆ ನೇತುಹಾಕಿ ಅಂತ.