ಅರ್ಧಕ್ಕೆ ನಿಂತ ಕಸೂತಿ



ರಾಜಾಜಿನಗರ, ವಿಜಯನಗರದ ಕಡೆಯಿಂದ ಬಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾಯುವ ತಾಯಂದಿರೇ, ಮೊಮ್ಮಗುವಿಗೆಂದು ಹೊಲಿಯತೊಡಗಿದ ಕುಂಚಿ ನಿಮ್ಮ ಚೀಲದಲ್ಲಿದ್ದರೆ ಹೊರಗೆ ತೆಗೆಯಿರಿ. ಹನ್ನೆರಡನೆಯ ಶತಮಾನದ ಶರಣ ಸೂಜಿಕಾಯಕದ ರಾಮಿತಂದೆಯವರ ಕಾಯಕವೇ ಹೊಲಿಗೆ. ಹೊಲಿಯುತ್ತ ಕುಳಿತರೆ ರೋಗಿಯನ್ನು ಮರೆತಂತೆ ಎಂದು ಯಾರೂ ಸಂಕೋಚಪಡಬೇಕಾಗಿಲ್ಲ.

ಧಾರವಾಡ ಸೀಮೆಯ ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಅದರ ಗವಂತಿ ಹೊಲಿಗೆಯಲ್ಲಿ ದಾರ ಹೋಗುವಾಗ ಒಂದು ಮೇಲೆ, ಒಂದು ಕೆಳಗೆ. ಮರಳುವಾಗ ಬಿಟ್ಟ ಜಾಗವನ್ನು ತುಂಬುತ್ತದೆ. ಗಂಟು ಇಲ್ಲ, ಎರಡೂ ಬದಿ ಒಂದೇ ರೂಪ. ಆದ್ದರಿಂದ ಅರ್ಧಕ್ಕೆ ನಿಂತ ಸಾಲನ್ನು ನೋಡಿದರೆ ಏನು ಬಾಕಿ ಎಂಬುದು ತಿಳಿಯುತ್ತದೆ. ತಾಯಿ ಹಾಕಿದ ಸಾಲನ್ನು ಮಗಳು ಹಾಸಿಗೆಯ ಪಕ್ಕದಲ್ಲೇ ಕುಳಿತು, ಕೇಳಿಕೇಳಿ ಮರಳಿಸಬಹುದು. ಎಳೆ ಎಣಿಕೆ ತಪ್ಪಿದರೆ ಬಿಚ್ಚಿರಿ. ತಾಯಿ ಬೈದರೆ ಬೈಸಿಕೊಳ್ಳಿ. ಬೈಯುವಷ್ಟು ಚೇತರಿಸಿಕೊಂಡರೆ ನಮಗೂ ಸಂತೋಷವೇ!

ರೋಗಿಗಳು ಡ್ರಿಪ್ ಹಾಕಿದ ಕೈಯಿಂದ ಹೊಲಿಯಬಾರದು. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವರಿಗೆ ಸೂಜಿ ಚುಚ್ಚಿದ್ದೂ ತಿಳಿಯದು. ಅವರೂ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಮೊದಲು ವೈದ್ಯರನ್ನು ಕೇಳಿರಿ. ಸೂಜಿಯನ್ನು ದಿಂಬಿಗೆ, ಹಾಸಿಗೆಗೆ ಚುಚ್ಚಿಡಬೇಡಿ, ಎಣಿಸಿ ಡಬ್ಬಿಯಲ್ಲಿಡಿ.

ಮುಗಿದ ಮೇಲೆ ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ ಕತ್ತರಿಸಿರಿ. ಒದ್ದೆಯ ಬಿಳಿ ಬಟ್ಟೆಯಿಂದ ಒತ್ತಿ ನೋಡಿ, ಬಣ್ಣ ಬಿಡದಿದ್ದರೆ ತೊಳೆದು ನೆರಳಲ್ಲಿ ಒಣಗಿಸಿರಿ. ಆಸ್ಪತ್ರೆಯಲ್ಲಿ ಓಡಾಡಿದ ಬಟ್ಟೆಯನ್ನು ತೊಳೆಯದೆ ಕೂಸಿಗೆ ತೊಡಿಸಬಾರದು. ಕೂಸನ್ನು ಮಲಗಿಸುವಾಗ ಕುಂಚಿ ತೆಗೆದಿಡಿ.